ಟೂ ಸ್ಟ್ರೋಕ್ ಇಂಜಿನ್ನಿಗೆ ಗಿಡದ ಇಂಧನ: ಆಸೆ ಮತ್ತು ಲೆಕ್ಕ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಕೃಷಿಯಲ್ಲಿ ಕಳೆದ ಎರಡು ದಶಕಗಳಿಂದ ಒಂದು ಹೊಸ ಸದ್ದು ಕೇಳಿಬರುತ್ತಿದೆ. ಕತ್ತಿ, ಕುಡುಗೋಲುಗಳು ಮೌನವಾಗಿ ಮಾಡುತ್ತಿದ್ದ ಕೆಲಸವನ್ನು ಇಂದು ಕಳೆ ಕೊಚ್ಚುವ ಯಂತ್ರ ಗರ್ಜಿಸುತ್ತ ಮಾಡುತ್ತದೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು, ಕಾಫಿ ತೋಟದಲ್ಲಿ ಮರಗಸಿ ಮಾಡಲು, ಬಿದ್ದ ಮರವನ್ನು ತುಂಡರಿಸಲು ಹೆಗಲ ಮೇಲೆ ಹೊತ್ತೊಯ್ಯಬಹುದಾದ ಸಣ್ಣ ಇಂಜಿನ್ನುಗಳು ಬಂದಿವೆ. ಇವುಗಳಲ್ಲಿ ಬಹುಪಾಲು ಟೂ ಸ್ಟ್ರೋಕ್ ಇಂಜಿನ್ನುಗಳು. ಕೂಲಿಯಾಳು ಸಿಗದ ಕಾಲದಲ್ಲಿ ಇವು ಸಣ್ಣ ಹಿಡುವಳಿದಾರನ ಬಲಗೈಯಾಗಿವೆ. ಆದರೆ ಇವುಗಳ ಹೊಟ್ಟೆ ತುಂಬುವುದು ಪೇಟೆಯ ಪೆಟ್ರೋಲಿನಿಂದ. ಬಂಕಿಗೆ ಹೋಗಿಬರುವ ದಾರಿ ದೂರ, ಪೆಟ್ರೋಲಿನ ಬೆಲೆ ಏರುಮುಖ. ಆದ್ದರಿಂದ ಒಂದು ಪ್ರಶ್ನೆ ಸಹಜವಾಗಿಯೇ ಎದ್ದಿದೆ: ಇಷ್ಟೊಂದು ಗಿಡಮರ, ಬೀಜ, ಹಣ್ಣು ಇರುವ ನಾಡಿನಲ್ಲಿ ಈ ಪುಟ್ಟ ಇಂಜಿನ್ನಿಗೆ ಬೇಕಾದ ಇಂಧನವನ್ನು ಮನೆಯಲ್ಲಿಯೇ ಏಕೆ ತಯಾರಿಸಿಕೊಳ್ಳಬಾರದು?

ಪ್ರಶ್ನೆ ಯೋಗ್ಯವಾದದ್ದು. ಅದರ ಹಿಂದಿರುವ ಸ್ವಾವಲಂಬನೆಯ ಆಸೆಯೂ ಗೌರವಕ್ಕೆ ಅರ್ಹವಾದದ್ದು. ಆದರೆ ಉತ್ತರವನ್ನು ಉತ್ಸಾಹದಿಂದಲ್ಲ, ಲೆಕ್ಕದಿಂದ ಪಡೆಯಬೇಕು. ಈ ಲೆಕ್ಕದಲ್ಲಿ ಇಂಜಿನ್ನು, ಇಂಧನ, ಕಾಡು ಮತ್ತು ಕಾನೂನು ಎಂಬ ನಾಲ್ಕು ಕಡೆಗಳಿವೆ. ಒಂದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ.

ಇಂಜಿನ್ನಿನ ಸ್ವಭಾವ

ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಎಣ್ಣೆಗೆ ಪ್ರತ್ಯೇಕವಾದ ಮನೆಯಿದೆ. ಅಲ್ಲಿಂದ ಎಣ್ಣೆ ಚಲಿಸುವ ಭಾಗಗಳಿಗೆಲ್ಲ ಹರಿದು ಮರಳಿ ಬರುತ್ತದೆ. ಹೆಗಲಿಗೇರುವ ಸಣ್ಣ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಅಂತಹ ವ್ಯವಸ್ಥೆಯಿಲ್ಲ. ಇಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು, ಅಲ್ಲಿ ಒತ್ತಲ್ಪಟ್ಟು, ಬಳಿಕ ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಬೇರಿಂಗು, ಪಿಸ್ಟನ್ನು, ರಿಂಗುಗಳಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲಿಯೇ ಕರಗಿ ಬರಬೇಕು. ಒಂದಕ್ಕೆ ಐವತ್ತು ಎಂದರೆ ಲೀಟರು ಪೆಟ್ರೋಲಿಗೆ 20 ಮಿಲಿಲೀಟರು, ಒಂದಕ್ಕೆ ಇಪ್ಪತ್ತೈದು ಎಂದರೆ 40 ಮಿಲಿಲೀಟರು ಟೂ ಟಿ ಆಯಿಲ್. ಈ ಇಂಜಿನ್ನಿಗೆ ಇಂಧನವೇ ಎಣ್ಣೆಯನ್ನು ಹೊತ್ತು ತರುವ ವಾಹನ. ಮುಂದಿನ ಮಾತುಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿವೆ.

ಈ ರಚನೆಯ ಗುಣ ಸರಳತೆ ಮತ್ತು ಹಗುರತನ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ಡಿ ಬೈಕುಗಳೂ ಟೂ ಸ್ಟ್ರೋಕ್ ಇಂಜಿನ್ನಿನವೇ. ಘಟ್ಟದ ರಸ್ತೆಯಲ್ಲಿ ಅವುಗಳ ಸದ್ದನ್ನು ಬಲ್ಲ ಹಿರಿಯರು ಇಂದಿಗೂ ಇದ್ದಾರೆ. ದೋಷವೆಂದರೆ, ಹೊಸ ಮಿಶ್ರಣ ಒಳಬರುವ ಹೊತ್ತಿಗೆ ಹೊಗೆ ಹೊರಹೋಗುವ ಬಾಗಿಲೂ ತೆರೆದೇ ಇರುತ್ತದೆ. ಹೀಗಾಗಿ ಕಾರ್ಬುರೇಟರ್ ಇರುವ ಸಾಮಾನ್ಯ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಸುಮಾರು ಕಾಲು ಭಾಗದಷ್ಟು ಇಂಧನ ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತದೆ. ಎಷ್ಟೇ ಕಷ್ಟಪಟ್ಟು ತಯಾರಿಸಿದ ಇಂಧನವಾದರೂ ನಾಲ್ಕು ಲೋಟದಲ್ಲಿ ಒಂದು ಲೋಟ ಗಾಳಿಪಾಲಾಗುವ ಮನೆಗೆ ಅದನ್ನು ಕಳುಹಿಸುತ್ತಿದ್ದೇವೆ ಎಂಬುದು ನೆನಪಿನಲ್ಲಿರಬೇಕು.

ಬೀಜದ ಎಣ್ಣೆ ನೇರವಾಗಿ ಆಗುವುದೇ?

ಎಲ್ಲರಿಗೂ ಮೊದಲು ಹೊಳೆಯುವುದು ಹೊಂಗೆ ಎಣ್ಣೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನ್ನು ಶೇಂಗಾ ಎಣ್ಣೆಯಿಂದ ಓಡಿತ್ತು. ಕರ್ನಾಟಕದಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ನೇತೃತ್ವದಲ್ಲಿ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸಿ ನೀರೆತ್ತುವ ಪ್ರಯೋಗಗಳು ನಡೆದವು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ರೂಪುಗೊಂಡಿತು. 2009ರಲ್ಲಿ ರಾಜ್ಯವು ಜೈವಿಕ ಇಂಧನ ನೀತಿಯನ್ನೂ ಪ್ರಕಟಿಸಿತು.

ಆದರೆ ಇವೆಲ್ಲವೂ ಡೀಸೆಲ್ ಇಂಜಿನ್ನಿನ ಕಥೆಗಳು. ಡೀಸೆಲ್ ಇಂಜಿನ್ನು ಗಾಳಿಯನ್ನು ಬಲವಾಗಿ ಒತ್ತಿ ಕಾಯಿಸಿ, ಆ ಬಿಸಿಗೆ ಎಣ್ಣೆಯನ್ನು ಸೂಕ್ಷ್ಮ ತುಂತುರಾಗಿ ಚಿಮ್ಮಿಸುತ್ತದೆ. ಪೆಟ್ರೋಲಿನ ಸಣ್ಣ ಇಂಜಿನ್ನು ಇಂಧನವನ್ನು ಕಾರ್ಬುರೇಟರಿನಲ್ಲಿ ಆವಿಯಾಗಿಸಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತದೆ. ಪೆಟ್ರೋಲು ಅಂಗೈಯ ಬಿಸಿಗೇ ಆವಿಯಾಗುತ್ತದೆ. ಹೊಂಗೆ, ಹರಳು, ಸುರಹೊನ್ನೆ ಮುಂತಾದ ಎಣ್ಣೆಗಳ ಆವಿ ಕಿಡಿಗೆ ಹೊತ್ತಿಕೊಳ್ಳಬೇಕಾದರೆ ಅವು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಬೇಕು. ಜೊತೆಗೆ ಅವು ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ಮಂದ. ಕಳೆಯಂತ್ರದ ಟ್ಯಾಂಕಿಗೆ ಹೊಂಗೆ ಎಣ್ಣೆ ಸುರಿದರೆ ಅದು ಉರಿಯುವುದಿಲ್ಲ. ಪ್ಲಗ್ಗನ್ನು ಒದ್ದೆ ಮಾಡುತ್ತದೆ, ಜೆಟ್ಟನ್ನು ಕಟ್ಟುತ್ತದೆ. ಪೆಟ್ರೋಲಿಗೆ ಅರ್ಧಕ್ಕರ್ಧ ಬೆರೆಸಿದರೆ ಪೆಟ್ರೋಲಿನ ಅಂಶ ಉರಿದು, ಎಣ್ಣೆಯ ಅಂಶ ಮಸಿಯಾಗಿ ಪಿಸ್ಟನ್ನಿನ ತಲೆಗೂ ಹೊಗೆಬಾಗಿಲಿಗೂ ಅಂಟಿಕೊಳ್ಳುತ್ತದೆ. ಬೀಜದ ಎಣ್ಣೆಯನ್ನು ರಾಸಾಯನಿಕವಾಗಿ ಬಯೋಡೀಸೆಲ್ಲಾಗಿ ಮಾರ್ಪಡಿಸಿದರೂ ಅದು ಡೀಸೆಲ್ಲಿಗೆ ಬದಲಿಯೇ ಹೊರತು ಪೆಟ್ರೋಲಿಗಲ್ಲ. ಆ ಮಾರ್ಪಾಡಿಗೆ ಬೇಕಾದ ಮೆಥನಾಲ್ ಕುಡಿದರೆ ಕಣ್ಣು, ಜೀವ ಎರಡನ್ನೂ ಕಳೆಯುವ ವಿಷ. ಅಡುಗೆಮನೆಯ ಪಕ್ಕದಲ್ಲಿ ಇಡತಕ್ಕ ವಸ್ತುವಲ್ಲ.

ಹಣ್ಣಿನ ಮದ್ಯಸಾರ: ಒಲೆಯ ಲೆಕ್ಕ

ಕಿಡಿಯಿಂದ ಹೊತ್ತುವ ಇಂಜಿನ್ನಿಗೆ ಒಗ್ಗುವ ಗಿಡಮೂಲದ ಇಂಧನ ಮದ್ಯಸಾರ, ಅಂದರೆ ಎಥನಾಲ್. ಸಿಹಿಯಿರುವ ಯಾವ ರಸವನ್ನಾದರೂ ಹುಳಿಸಿ, ಬಟ್ಟಿ ಇಳಿಸಿ ಇದನ್ನು ಪಡೆಯಬಹುದು. ಗೇರುಹಣ್ಣು, ಹಲಸು, ಕಾಫಿಹಣ್ಣಿನ ಸಿಪ್ಪೆ, ಬೈನೆ ಮರದ ಕಳ್ಳು ಇವೆಲ್ಲವೂ ಮೂಲವಸ್ತುಗಳಾಗಬಲ್ಲವು. ಕೊಳೆತುಹೋಗುವ ಗೇರುಹಣ್ಣನ್ನು ಕಂಡವರಿಗೆ ಇದು ಬಂಗಾರದಂತಹ ಅವಕಾಶವಾಗಿ ಕಾಣುವುದು ಸಹಜ. ಈಗ ಲೆಕ್ಕ ನೋಡಬೇಕು.

ನೂರು ಲೀಟರು ಗೇರುಹಣ್ಣಿನ ರಸವಿದೆ, ಅದರಲ್ಲಿ ಶೇಕಡಾ 10ರಷ್ಟು ಸಕ್ಕರೆಯಿದೆ ಎಂದು ಹಿಡಿಯೋಣ. ಅಷ್ಟು ರಸಕ್ಕೆ ಒಂದೂವರೆ ಕ್ವಿಂಟಾಲಿಗೂ ಮೀರಿದ ಹಣ್ಣು ಬೇಕು. ಹತ್ತು ಕಿಲೋ ಸಕ್ಕರೆಯಿಂದ ಸಿದ್ಧಾಂತದ ಪ್ರಕಾರ ದೊರೆಯಬಹುದಾದ ಗರಿಷ್ಠ ಎಥನಾಲ್ 5.1 ಕಿಲೋ, ಅಂದರೆ ಸುಮಾರು ಆರೂವರೆ ಲೀಟರು. ಹುಳಿಯುವಾಗ, ಬಟ್ಟಿ ಇಳಿಸುವಾಗ ಆಗುವ ನಷ್ಟ ಕಳೆದು 5 ಲೀಟರು ಉಳಿಯಿತೆನ್ನೋಣ. ಒಂದು ಲೀಟರು ಎಥನಾಲಿನಲ್ಲಿ ಸುಮಾರು 21 ಮೆಗಾಜೂಲ್ ಶಕ್ತಿಯಿದ್ದರೆ ಪೆಟ್ರೋಲಿನಲ್ಲಿ ಸುಮಾರು 32 ಇದೆ. ಆದ್ದರಿಂದ ಈ 5 ಲೀಟರು ಮೂರೂಕಾಲು ಲೀಟರು ಪೆಟ್ರೋಲಿಗೆ ಸಮ. ಗಂಟೆಗೆ ಮುಕ್ಕಾಲು ಲೀಟರು ಕುಡಿಯುವ ಕಳೆಯಂತ್ರವಾದರೆ ನಾಲ್ಕು ಗಂಟೆಯ ಚಿಲ್ಲರೆ ಕೆಲಸ.

ಇನ್ನು ಒಲೆಯ ಕಡೆಗೆ ತಿರುಗಬೇಕು. ನೂರು ಲೀಟರು ಹುಳಿರಸವನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 30 ಮೆಗಾಜೂಲ್, ಮದ್ಯಸಾರವೂ ನೀರೂ ಸೇರಿದ ಸುಮಾರು 20 ಲೀಟರು ಆವಿಯನ್ನು ಎಬ್ಬಿಸಲು ಸುಮಾರು 40 ಮೆಗಾಜೂಲ್, ಒಟ್ಟು 70 ಮೆಗಾಜೂಲ್ ಶಾಖ ಪಾತ್ರೆಗೆ ಸೇರಬೇಕು. ಒಲೆಯ ಬೆಂಕಿಯಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ ಎಂದು ಹಿಡಿದರೆ ಸೌದೆಯಿಂದ 350 ಮೆಗಾಜೂಲ್ ಬೇಕಾಗುತ್ತದೆ. ಒಣ ಸೌದೆಯ ಕಿಲೋಗೆ 15 ಮೆಗಾಜೂಲ್‌ನಂತೆ ಅದು 23 ಕಿಲೋ ಸೌದೆ. ಇಷ್ಟಾದರೂ ಬರುವುದು ನೀರು ತುಂಬಿದ ಮದ್ಯ. ಇಂಜಿನ್ನಿಗೆ ಯೋಗ್ಯವಾಗಬೇಕಾದರೆ ಅದನ್ನು ಇನ್ನೊಮ್ಮೆ, ಮತ್ತೊಮ್ಮೆ ಬಟ್ಟಿ ಇಳಿಸಬೇಕು. ಸಾಧಾರಣ ಬಟ್ಟಿಯಲ್ಲಿ ಎಷ್ಟು ಸಲ ಇಳಿಸಿದರೂ ತೂಕದಲ್ಲಿ ಶೇಕಡಾ 95.6ನ್ನು ದಾಟಲಾಗುವುದಿಲ್ಲ. ಉಳಿದ ನೀರು ಮದ್ಯಸಾರದೊಡನೆಯೇ ಆವಿಯಾಗಿ ಬರುತ್ತದೆ.

ಸಾರಾಂಶವಿಷ್ಟೆ: 105 ಮೆಗಾಜೂಲ್ ಶಕ್ತಿಯ ದ್ರವ ಪಡೆಯಲು 350 ಮೆಗಾಜೂಲ್ ಸೌದೆಯನ್ನು ಸುಟ್ಟಂತಾಯಿತು. ಪೆಟ್ರೋಲು ಉಳಿಯಿತು, ಬೆಟ್ಟ ಬೋಳಾಯಿತು. ಉಪ್ಪಾಗೆ ಸಿಪ್ಪೆಯನ್ನು ಮಳೆಗಾಲದಲ್ಲಿ ಒಣಗಿಸಲು ಎಷ್ಟು ಕಟ್ಟಿಗೆ ಉರಿಯುತ್ತದೆ ಎಂಬುದನ್ನು ಉತ್ತರ ಕನ್ನಡದ ಜನ ಬಲ್ಲರು. ಆ ಸಾಲಿಗೆ ಇನ್ನೊಂದು ಒಲೆಯನ್ನು ಸೇರಿಸುವುದಕ್ಕೆ ಪರಿಸರಸ್ನೇಹಿ ಎಂಬ ಹೆಸರು ಸಲ್ಲದು.

ಇದರ ಮೇಲೆ ಕಾನೂನಿನ ಮಾತಿದೆ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಬಟ್ಟಿ ಇಳಿಸುವುದು ಅಪರಾಧ. ‘ಕುಡಿಯಲಿಕ್ಕಲ್ಲ, ಇಂಜಿನ್ನಿಗೆ’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಕಾನೂನಿಗಿಂತ ದೊಡ್ಡ ಮಾತು ಜೀವದ್ದು. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಇಂಧನವೆಂದು ಮನೆಯಲ್ಲಿಟ್ಟ ಮದ್ಯಸಾರ ಮುಂದೊಂದು ದಿನ ಯಾರ ಲೋಟಕ್ಕೆ ಸೇರುತ್ತದೆಂದು ಹೇಳಬಲ್ಲವರಿಲ್ಲ.

ಇಂಜಿನ್ನು ಏಕೆ ಸುಡುತ್ತದೆ?

ಯಾವುದೋ ಬಗೆಯಿಂದ ಶುದ್ಧ ಮದ್ಯಸಾರ ದೊರೆಯಿತೆಂದೇ ಇಟ್ಟುಕೊಂಡರೂ ಇಂಜಿನ್ನಿನ ತೊಡಕು ಮುಗಿಯುವುದಿಲ್ಲ. ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಅಂದರೆ ಒಂದೇ ಪ್ರಮಾಣದ ಗಾಳಿಗೆ ಎಥನಾಲನ್ನು ಒಂದೂವರೆ ಪಟ್ಟು ಹೆಚ್ಚು ಕೊಡಬೇಕು. ಪೆಟ್ರೋಲಿಗೆಂದು ಕೊರೆದ ಜೆಟ್ಟಿನಿಂದ ಅಷ್ಟು ಇಂಧನ ಬರುವುದಿಲ್ಲ. ಮಿಶ್ರಣ ತೆಳುವಾಗುತ್ತದೆ, ತೆಳುವಾದಾಗ ಇಂಜಿನ್ನು ಅತಿಯಾಗಿ ಕಾಯುತ್ತದೆ. ಇಂಧನ ಕಡಿಮೆ ಬಂದಷ್ಟೂ ಅದರೊಡನೆ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ಕಾವು ಹೆಚ್ಚು, ಎಣ್ಣೆ ಕಡಿಮೆ: ಇದೇ ಪಿಸ್ಟನ್ ಸೀಜ್ ಆಗುವ ದಾರಿ. ಜೊತೆಗೆ ಸಾಮಾನ್ಯ ಟೂ ಟಿ ಆಯಿಲ್ ನೀರಿನಂಶವಿರುವ ಮದ್ಯಸಾರದಲ್ಲಿ ಸರಿಯಾಗಿ ಕರಗುವುದಿಲ್ಲ.

ಮದ್ಯಸಾರದಲ್ಲಿ ಕರಗುವ ಎಣ್ಣೆ ಒಂದಿದೆ. ಅದು ಹಳ್ಳಿಗರಿಗೆ ಪರಿಚಿತವಾದ ಹರಳೆಣ್ಣೆ. ಗಾಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಸವೆತ ತಡೆದ ಈ ಎಣ್ಣೆಯೇ ಮೊದಲನೆಯ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್ನುಗಳಿಗೂ ಜಾರಿಕೆ ಒದಗಿಸಿತು. ಕ್ಯಾಸ್ಟ್ರಾಲ್ ಎಂಬ ಹೆಸರು ಕೂಡ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಹುಟ್ಟಿದ್ದು. ಇದರ ಮುಖ್ಯ ಘಟಕವಾದ ರಿಸಿನೋಲಿಕ್ ಆಮ್ಲ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಹೆಚ್ಚು ಕಾವಿನಲ್ಲಿಯೂ ಪೊರೆಯಂತೆ ಕಾಯುತ್ತದೆ. ಆದರೆ ತಣ್ಣನೆಯ ಪೆಟ್ರೋಲಿನಲ್ಲಿ ಅದು ಚೆನ್ನಾಗಿ ಬೆರೆಯದು. ನಿಂತಲ್ಲಿ ಬೇರ್ಪಡುತ್ತದೆ. ಉರಿದ ಮೇಲೆ ಅಂಟಿನಂತೆ ಗಟ್ಟಿಯಾಗಿ ರಿಂಗುಗಳನ್ನು ಹಿಡಿಯುತ್ತದೆ. ಓಟದ ಬೈಕನ್ನು ಸ್ಪರ್ಧೆ ಮುಗಿದೊಡನೆ ಬಿಚ್ಚಿ ತೊಳೆಯುವವರಿದ್ದಾರೆ. ವಾರಗಟ್ಟಲೆ ಕೊಟ್ಟಿಗೆಯ ಗೋಡೆಗೆ ತೂಗುಬೀಳುವ ಕಳೆಯಂತ್ರಕ್ಕೆ ಆ ಆರೈಕೆ ದೊರೆಯದು.

ಬಂಕಿನ ಪೆಟ್ರೋಲಿನಲ್ಲಿಯೇ ಇರುವ ಮದ್ಯಸಾರ

ಇಲ್ಲಿ ಬಹುಜನರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಗಿಡದ ಇಂಧನ ಮಲೆನಾಡಿನ ಪ್ರತಿಯೊಂದು ಟೂ ಸ್ಟ್ರೋಕ್ ಇಂಜಿನ್ನಿನೊಳಗೆ ಈಗಾಗಲೇ ಸೇರಿಕೊಂಡಿದೆ. 2003ರಲ್ಲಿ ಶೇಕಡಾ 5ರಷ್ಟು ಎಥನಾಲ್ ಬೆರೆಸುವ ಮೂಲಕ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ 2025ರಲ್ಲಿ ಶೇಕಡಾ 20ನ್ನು ಮುಟ್ಟಿತು. ಕಬ್ಬು ಮತ್ತು ಧಾನ್ಯಗಳಿಂದ ಬಂದ ಈ ಎಥನಾಲ್ ಬಂಕಿನ ಪೆಟ್ರೋಲಿನಲ್ಲಿಯೇ ಇದೆ. ಸಣ್ಣ ಇಂಜಿನ್ನುಗಳ ಹಲವು ಕೈಪಿಡಿಗಳು ಶೇಕಡಾ 10 ಮೀರದಂತೆ ಎಚ್ಚರಿಸುತ್ತವೆ.

ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಆಗುಂಬೆಯಂತಹ ಮಳೆಯ ಸೀಮೆಯಲ್ಲಿ, ಅರೆತುಂಬಿದ ಕ್ಯಾನಿನಲ್ಲಿ, ಸೋರುವ ಮುಚ್ಚಳದಡಿಯಲ್ಲಿ ಅದಕ್ಕೆ ಬೇಕಾದಷ್ಟು ತೇವವಿದೆ. ಸೇರಿದ ನೀರು ಒಂದು ಮಿತಿಯನ್ನು ದಾಟಿದೊಡನೆ ಎಥನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಟೂ ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಇಂಜಿನ್ನು ಇಂಧನವನ್ನು ಹೀರುವುದು ಟ್ಯಾಂಕಿನ ತಳದಿಂದ. ಆಗ ಒಳಹೋಗುವುದು ಎಣ್ಣೆಯೇ ಇಲ್ಲದ ಪದರ. ‘ಅಳತೆಗೆ ಸರಿಯಾಗಿ ಆಯಿಲ್ ಹಾಕಿದ್ದರೂ ಇಂಜಿನ್ ಹಿಡಿದುಕೊಂಡಿತು’ ಎಂಬ ದೂರಿನ ಹಿಂದೆ ಈ ಕಾರಣವಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಪುನರ್ವಸು ಮಳೆಯ ನಡುವೆ ಸಿಕ್ಕ ಎರಡು ದಿನದ ಹೊಳವಿನಲ್ಲಿ ಸಿಂಪಡಣೆಯ ಇಂಜಿನ್ನು ನಿಂತರೆ ನಷ್ಟ ಇಂಜಿನ್ನಿನದಷ್ಟೇ ಅಲ್ಲ. ಕೊಳೆರೋಗ ಮುಂದಿನ ಹೊಳವಿಗಾಗಿ ಕಾಯುವುದಿಲ್ಲ.

ಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಗುರುಗಳ ಸಮ್ಮುಖದಲ್ಲಿ, ಬೆಂಕಿಯಿಂದ ದೂರ, ಬಯಲಿನಲ್ಲಿ ಮಾತ್ರ ಇದನ್ನು ಮಾಡಬೇಕು. ಅಳತೆಯ ಗಾಜಿನ ಜಾಡಿಯಲ್ಲಿ 100 ಮಿಲಿಲೀಟರು ಪೆಟ್ರೋಲಿಗೆ 10 ಮಿಲಿಲೀಟರು ನೀರು ಸೇರಿಸಿ, ಮೆಲ್ಲನೆ ಅಲುಗಾಡಿಸಿ, ನಿಲ್ಲಲು ಬಿಡಬೇಕು. ತಳದ ಪದರ ಹತ್ತಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಸುಮಾರಾಗಿ ಅಷ್ಟು ಭಾಗ ಎಥನಾಲ್ ಇತ್ತೆಂದು ತಿಳಿಯಬೇಕು.

ರೈತರು ಪಾಲಿಸಬೇಕಾದ ಕ್ರಮಗಳು ಸರಳವಾಗಿವೆ:

1. ಒಂದು ವಾರದ ಕೆಲಸಕ್ಕೆ ಬೇಕಾದಷ್ಟೇ ಪೆಟ್ರೋಲು ತರಬೇಕು. ಎಣ್ಣೆಯನ್ನು ಆ ದಿನದ ಕೆಲಸಕ್ಕೆ ಬೇಕಾದಷ್ಟಕ್ಕೆ ಮಾತ್ರ ಬೆರೆಸಬೇಕು.
2. ಕ್ಯಾನು ಬಿಗಿಮುಚ್ಚಳದ್ದಾಗಿರಬೇಕು, ಆದಷ್ಟು ತುಂಬಿರಬೇಕು.
3. ಟ್ಯಾಂಕಿಗೆ ಹಾಕುವ ಮುನ್ನ ಸ್ವಲ್ಪವನ್ನು ಪಾರದರ್ಶಕ ಗಾಜಿನ ಸೀಸೆಗೆ ಸುರಿದು, ಎರಡು ಪದರ ಕಾಣುವುದೇ ಎಂದು ನೋಡಬೇಕು. ಕಂಡರೆ ಆ ಇಂಧನವನ್ನು ಇಂಜಿನ್ನಿಗೆ ಹಾಕಲೇಬಾರದು. ಅಲುಗಾಡಿಸಿ ಬೆರೆಸಿದೆವೆಂದುಕೊಂಡರೆ ಮತ್ತೆ ಬೇರೆಯಾಗುತ್ತದೆ.
4. ಕೆಲಸದ ಹಂಗಾಮು ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವ ತನಕ ಇಂಜಿನ್ನನ್ನು ಓಡಿಸಿ ನಿಲ್ಲಿಸಬೇಕು.
5. ರಬ್ಬರಿನ ಕೊಳವೆ, ಕಾರ್ಬುರೇಟರಿನ ತೆಳುಪೊರೆಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಮದ್ಯಸಾರ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಹಾಗಾದರೆ ಗಿಡದ ಎಣ್ಣೆಯ ಸ್ಥಾನ ಯಾವುದು?

ಸ್ವಾವಲಂಬನೆಯ ಮಾತನ್ನು ಇಲ್ಲಿಗೆ ಕೈಬಿಡಬೇಕಾಗಿಲ್ಲ. ಎಣ್ಣೆಯನ್ನು ಅದಕ್ಕೆ ತಕ್ಕ ಜಾಗದಲ್ಲಿ ಬಳಸಬೇಕು, ಅಷ್ಟೆ.

ಮೊದಲನೆಯ ಜಾಗ ಗರಗಸ ಯಂತ್ರದ ಚೈನು. ಚೈನಿಗೆ ಹಾಕುವ ಎಣ್ಣೆ ಮರಳಿ ಬರುವುದಿಲ್ಲ, ಹನಿಹನಿಯಾಗಿ ಮಣ್ಣಿಗೆ ಬೀಳುತ್ತದೆ. ಖನಿಜ ತೈಲವೋ ಹಳೆಯ ಇಂಜಿನ್ ಆಯಿಲ್ಲೋ ಆದರೆ ತೋಟದ ನೆಲಕ್ಕೆ, ಹಳ್ಳದ ನೀರಿಗೆ ಸೇರುವುದು ವಿಷ. ಯುರೋಪಿನ ಕಾಡುಗಳಲ್ಲಿ ಈ ಕೆಲಸಕ್ಕೆ ಸಾಸಿವೆಯ ಬಳಗದ ಬೀಜಗಳ ಎಣ್ಣೆ ಬಳಕೆಯಲ್ಲಿದೆ. ಸೋಸಿದ ಹೊಂಗೆ ಎಣ್ಣೆಯನ್ನು ಇಲ್ಲಿ ಪ್ರಯೋಗಿಸಿ ನೋಡಲು ಅಡ್ಡಿಯಿಲ್ಲ. ಬಹುದಿನ ನಿಲ್ಲಿಸುವ ಮುನ್ನ ಚೈನನ್ನು ಒರೆಸಿಡಬೇಕು, ಇಲ್ಲವಾದರೆ ಅಂಟುಗಟ್ಟುತ್ತದೆ.

ಎರಡನೆಯದು ನಿಧಾನವಾಗಿ ತಿರುಗುವ ಹಳೆಯ ಒಂಟಿ ಸಿಲಿಂಡರಿನ ಡೀಸೆಲ್ ಪಂಪುಸೆಟ್ಟು. ಡೀಸೆಲ್ಲಿನಿಂದ ಆರಂಭಿಸಿ, ಇಂಜಿನ್ನು ಕಾದ ಮೇಲೆ ಸೋಸಿ ಬಿಸಿಮಾಡಿದ ಹೊಂಗೆ ಎಣ್ಣೆಗೆ ಬದಲಿಸಿ, ನಿಲ್ಲಿಸುವ ಮುನ್ನ ಮತ್ತೆ ಡೀಸೆಲ್ಲಿಗೆ ಮರಳುವುದು ಇದರ ಕ್ರಮ. ಹಳ್ಳಿಯ ಗಾಣದಲ್ಲಿ ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಲೀಟರು ಎಣ್ಣೆ ಬರುತ್ತದೆ. ಒಂದು ಮರದಿಂದ 20 ಕಿಲೋ ಬೀಜ ಸಿಕ್ಕಿತೆಂದರೆ 5 ಲೀಟರು ಎಣ್ಣೆ, ಮೇಲೆ ಸುಮಾರು 15 ಕಿಲೋ ಹಿಂಡಿ. ಸಾರಜನಕ ತುಂಬಿದ ಆ ಹಿಂಡಿ ತೋಟಕ್ಕೆ ಗೊಬ್ಬರ. ಇದಕ್ಕೆ ಬಟ್ಟಿಯೂ ಬೇಡ, ಸೌದೆಯೂ ಅಷ್ಟಾಗಿ ಬೇಡ. ಹೊಳೆದಂಡೆ, ಬೇಲಿ, ರಸ್ತೆಯಂಚಿನ ಮರಗಳಿಗೆ ಮಾತ್ರ ಈ ಮಾತು ಸಲ್ಲುತ್ತದೆ. ಇಂಧನಕ್ಕಾಗಿ ಸೊಪ್ಪಿನಬೆಟ್ಟವನ್ನು ಕಡಿದು ಒಂದೇ ಜಾತಿಯ ಗಿಡ ನೆಡುವುದು ಸಲ್ಲದು. 2000ದ ದಶಕದಲ್ಲಿ ದೇಶಾದ್ಯಂತ ಜಟ್ರೋಫಾದ ಬಗ್ಗೆ ಎದ್ದ ಭರವಸೆ ಹೊಲದಲ್ಲಿ ಫಲಿಸಲಿಲ್ಲವೆಂಬುದನ್ನು ಮರೆಯಬಾರದು.

ಮೂರನೆಯದು ಗೋಬರ್ ಗ್ಯಾಸು. ಹಣ್ಣಿನ ಕಸವನ್ನು ಬಟ್ಟಿಗೆ ಹಾಕುವ ಬದಲು ಸಗಣಿಯೊಡನೆ ಗ್ಯಾಸಿನ ತೊಟ್ಟಿಗೆ ಹಾಕಿದರೆ ಒಲೆಯೂ ಉರಿಯುತ್ತದೆ, ಗೊಬ್ಬರವೂ ಉಳಿಯುತ್ತದೆ. ಈ ಘಟಕಗಳನ್ನು ನಂಬಿ ನಡೆಸಿ ತೋರಿಸಿದ ಶಿರಸಿ ತಾಲೂಕಿನ ಅನುಭವ ಕಣ್ಣೆದುರಿಗೇ ಇದೆ. ಹೀಗೆ ಉಳಿದ ಸೌದೆಯೂ ಇಂಧನವೇ.

ಟೂ ಸ್ಟ್ರೋಕ್ ಇಂಜಿನ್ನಿಗೆ ಉಳಿಯುವ ಮಾತು ಮಿತಬಳಕೆಯದು. ಕಳೆಯನ್ನು ಬೇರುಸಹಿತ ಬೋಳಿಸದೆ ಮುಚ್ಚಿಗೆಗೆ ಬಿಟ್ಟರೆ ವರ್ಷದಲ್ಲಿ ಒಂದು ಸುತ್ತಿನ ಕೊಚ್ಚುವಿಕೆ ತಪ್ಪಬಹುದು. ನಾಲ್ಕು ಮನೆಗೆ ಒಂದು ಯಂತ್ರವಿದ್ದರೆ ಪೆಟ್ರೋಲು ಕ್ಯಾನಿನಲ್ಲಿ ಹಳಸುವುದಿಲ್ಲ. ಹೊಸದನ್ನು ಕೊಳ್ಳುವವರು ಫೋರ್ ಸ್ಟ್ರೋಕ್ ಅಥವಾ ಬ್ಯಾಟರಿಯ ಯಂತ್ರವನ್ನು ಮೊದಲು ಪರಿಶೀಲಿಸಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಮಲೆನಾಡಿಗೆ ಅದರ ಹಾಸಿಗೆ ಕಾಡು. ಯಾವ ಇಂಧನವನ್ನೇ ಆಗಲಿ ಗಿಡದ್ದೆಂದ ಮಾತ್ರಕ್ಕೆ ಹಸಿರೆಂದು ಕರೆಯಬಾರದು. ಒಂದು ಲೀಟರು ಕೈಗೆ ಬರುವಷ್ಟರಲ್ಲಿ ಎಷ್ಟು ಕಿಲೋ ಸೌದೆ ಉರಿಯಿತು, ಎಷ್ಟು ಮಣ್ಣು ಬರಿದಾಯಿತು, ಯಾರ ಜೀವಕ್ಕೆ ಅಪಾಯವಾಯಿತು ಎಂಬ ಲೆಕ್ಕವನ್ನು ಪ್ರತಿ ಊರಿನ ವಿದ್ಯಾರ್ಥಿಗಳೇ ಮಾಡಿ ಊರಿನ ಮುಂದಿಡಲಿ. ಆ ಲೆಕ್ಕ ಹೊಂದಿದ ದಿನ ಹೊಸ ಇಂಧನವನ್ನು ಸಂತೋಷದಿಂದ ಸ್ವಾಗತಿಸಬಹುದು. ಅಲ್ಲಿಯವರೆಗೆ ಒಣ ಕ್ಯಾನು, ಶುದ್ಧ ಸೀಸೆ, ಸರಿಯಾದ ಅಳತೆ ಇವೇ ಸಣ್ಣ ಇಂಜಿನ್ನಿನ ಆಯುಷ್ಯವನ್ನು ಕಾಯುತ್ತವೆ.